ಮಾಗಿಯ ಚಳಿಯಲ್ಲಿ ಹಳೆಯ ಟ್ರ್ಯಾಕ್ಟರ್ ಚಾಲೂ ಮಾಡುವ ಕ್ರಮ



ಮಾಗಿಯಲ್ಲಿ ಬೀದರ್ ಸೀಮೆಯ ಚಳಿ ಕೆಲವು ಬೆಳಗುಗಳಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆಗ ಹಳೆಯ ಟ್ರ್ಯಾಕ್ಟರ್ ಬೇಗ ಚಾಲೂ ಆಗದು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಬೇಕು. ತಣ್ಣನೆಯ ಕಬ್ಬಿಣ ಆ ಶಾಖವನ್ನು ಹೀರುತ್ತದೆ. ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಬಲವೂ ಕುಗ್ಗುತ್ತದೆ.

ಹೀಗೆ ಮಾಡಿರಿ:

1. ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ಅದನ್ನು ಬಸಿದು, ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿನೀರು ಹಾಕಿರಿ. ಒಮ್ಮೆಲೇ ಕುದಿನೀರು ಸುರಿದರೆ ಇಂಜಿನ್ ಸೀಳಬಹುದು.

2. ಗೇರು ನ್ಯೂಟ್ರಲ್‌ನಲ್ಲಿರಲಿ. ಸೆಲ್ಫನ್ನು 10 ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿರಿ. ಒಂದು ನಿಮಿಷ ಬಿಟ್ಟು ಮತ್ತೆ ಒತ್ತಿರಿ.

ಎಚ್ಚರಿಕೆ: ಇಂಜಿನ್ನಿನ ಕೆಳಗೆ ಬೆಂಕಿ ಹಾಕಲೇಬಾರದು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ವಾಸನೆಯಿಲ್ಲದ ವಿಷಾನಿಲ ಜನ, ದನ ಇಬ್ಬರ ಜೀವವನ್ನೂ ತೆಗೆದೀತು.

ಹತ್ತು ನಿಮಿಷ ತಡವಾದರೆ ಕೆಲಸ ಕೆಡದು. ಹೋದ ಜೀವ ಬಾರದು.