ಮನವಿ ಪತ್ರದಲ್ಲಿ ಮಳೆ ಮತ್ತು ನೀರಿನ ನಕ್ಷೆಗಳು

ಊರಿಗಾಂ, ಬಂಗಾರಪೇಟೆ ಸುತ್ತಮುತ್ತಲ ಹಳ್ಳಿಗಳಲ್ಲಿ ಬೇಸಾಯ ನಿಂತಿರುವುದು ಬಹುಮಟ್ಟಿಗೆ ಕೊಳವೆ ಬಾವಿಯ ಮೇಲೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಯ ಹೂಳೆತ್ತಿಸಲು ಪಂಚಾಯಿತಿಗೆ ಮನವಿ ಕೊಡುವ ಅಥವಾ ಹನಿ ನೀರಾವರಿಗೆ ಸಾಲ ಕೇಳುವ ರೈತರು "ನೀರು ಇಳಿದಿದೆ" ಎಂದಷ್ಟೇ ಬರೆದರೆ ಸಾಲದು. ಎಷ್ಟು ಇಳಿದಿದೆ, ಯಾವಾಗಿನಿಂದ ಎಂಬುದು ಒಂದೇ ನೋಟಕ್ಕೆ ಕಾಣಬೇಕು. ಇದಕ್ಕೆ ನಕ್ಷೆಗಳು ನೆರವಾಗುತ್ತವೆ.

ಅಂಕಿಗಳ ಸಂಗ್ರಹ: ಪಂಪು ನಿಲ್ಲಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಾವಿಯ ನೀರಿನ ಆಳವನ್ನು ಅಳೆಯಿರಿ. ತಿಂಗಳಿಗೊಮ್ಮೆ, ಒಂದೇ ಬಾವಿಯಲ್ಲಿ ಅಳೆಯಬೇಕು. ಮಳೆಯ ಅಂಕಿಗಳಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆ ಮಾಪಕಗಳ ವಿವರ ಪಡೆಯಬಹುದು. ತಿಂಗಳು, ಮಳೆ (ಮಿ.ಮೀ.), ಆಳ (ಅಡಿ) ಎಂಬ ಮೂರು ಕಾಲಂಗಳಲ್ಲಿ ಎಕ್ಸೆಲ್ ಹಾಳೆಗೆ ತುಂಬಿರಿ.

ನಕ್ಷೆ ತಯಾರಿಕೆ: ಮಳೆಗೆ ಕಂಬದ ನಕ್ಷೆಯೂ ಆಳಕ್ಕೆ ಗೆರೆಯ ನಕ್ಷೆಯೂ ಸೂಕ್ತ. ಇಲ್ಲೊಂದು ಎಚ್ಚರಿಕೆ ಅಗತ್ಯ. ನೀರು ಇಳಿದಂತೆ ಆಳದ ಅಂಕಿ ಏರುತ್ತದೆ, ಗೆರೆಯೂ ಮೇಲೇರುತ್ತದೆ. ನೋಡುವವರು ನೀರು ಹೆಚ್ಚಿತೆಂದೇ ತಿಳಿದಾರು. ಆದ್ದರಿಂದ ಆಳದ ಅಕ್ಷವನ್ನು ತಿರುಗುಮುರುಗು ಮಾಡಿ, ಸೊನ್ನೆಯನ್ನು ಮೇಲಿಡಿ.

ಪತ್ರಕ್ಕೆ ಸೇರಿಸುವ ಕ್ರಮ:

1. ನಕ್ಷೆಯ ಮೇಲೆ ಒತ್ತಿ, ಕಾಪಿ ಮಾಡಿರಿ.

2. ವರ್ಡ್ ಪತ್ರದಲ್ಲಿ ಬೇಕಾದ ಸಾಲಿನ ಕೆಳಗೆ ಕರ್ಸರ್ ಇಟ್ಟು, ಪೇಸ್ಟ್ ಸ್ಪೆಷಲ್ ತೆರೆಯಿರಿ.

3. ಸಲ್ಲಿಸುವ ಪತ್ರಕ್ಕೆ 'ಪಿಕ್ಚರ್' ಆರಿಸಿ. ಇದು ಆ ದಿನದ ಅಂಕಿಗಳನ್ನೇ ತೋರಿಸುತ್ತದೆ, ಮುಂದೆ ಬದಲಾಗದು.

4. ಪ್ರತಿ ತಿಂಗಳು ಬದಲಾಗುವ ಗುಂಪಿನ ವರದಿಗೆ 'ಪೇಸ್ಟ್ ಲಿಂಕ್' ಆರಿಸಿ. ಎಕ್ಸೆಲ್ ಹಾಳೆ ಬದಲಾದಾಗ ನಕ್ಷೆಯನ್ನೂ ಹೊಸದಾಗಿಸಬಹುದು. ಆದರೆ ಹಾಳೆಯ ಹೆಸರು ಅಥವಾ ಜಾಗ ಬದಲಾದರೆ ಕೊಂಡಿ ಕಡಿಯುತ್ತದೆ.

5. ಜಾಲತಾಣದಲ್ಲಿ ಕಾಣುವ ನಕ್ಷೆಯಾದರೆ ವಿಂಡೋಸ್, ಶಿಫ್ಟ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬೇಕಾದ ಭಾಗವನ್ನು ಆರಿಸಿ ಅಂಟಿಸಿರಿ.

6. ಪ್ರತಿ ನಕ್ಷೆಯ ಕೆಳಗೆ ಶೀರ್ಷಿಕೆ, ಅಂಕಿಗಳ ಮೂಲ ಹಾಗೂ ದಿನಾಂಕ ಬರೆಯಿರಿ.

ತಪ್ಪಿಸಬೇಕಾದವು: ಕಂಬದ ನಕ್ಷೆ ಸೊನ್ನೆಯಿಂದ ಆರಂಭವಾಗಬೇಕು. ಉದಾಹರಣೆಗೆ, 15 ಕಿಲೋ ಟೊಮೆಟೊ ಬಾಕ್ಸ್‌ನ ಬೆಲೆ 320 ರೂ.ಗಳಿಂದ 340 ರೂ.ಗಳಿಗೆ ಏರಿದ್ದು, ಅಕ್ಷ 300ರಿಂದ ಆರಂಭವಾದರೆ ಎರಡನೆಯ ಕಂಬ ಮೊದಲನೆಯದರ ಎರಡರಷ್ಟು ಎತ್ತರ ಕಾಣುತ್ತದೆ. ಇಂತಹ ನಕ್ಷೆ ನಂಬಿ ಬೆಳೆ ವಿಸ್ತೀರ್ಣ ಹೆಚ್ಚಿಸಿದರೆ ನಷ್ಟ ರೈತನಿಗೆ. ಕಪ್ಪು-ಬಿಳುಪು ಮುದ್ರಣದಲ್ಲಿ ಕೆಂಪು, ಹಸಿರು ಒಂದೇ ರೀತಿ ಕಾಣುವುದರಿಂದ ತುಂಡುಗೆರೆ, ಪೂರ್ಣಗೆರೆಗಳನ್ನು ಬಳಸಿರಿ. ಅಳೆಯದ ತಿಂಗಳನ್ನು ಖಾಲಿ ಬಿಡಿ. ಸೊನ್ನೆ ಹಾಕಬಾರದು, ಅಂದಾಜನ್ನೂ ತುಂಬಬಾರದು.

ಪತ್ರವನ್ನು ಯೂನಿಕೋಡ್ ಅಕ್ಷರದಲ್ಲಿ ಸಿದ್ಧಪಡಿಸಿ, ಪಿಡಿಎಫ್ ಆಗಿ ಉಳಿಸಿದರೆ ಬೇರೆ ಗಣಕಯಂತ್ರದಲ್ಲೂ ಕನ್ನಡ ಕೆಡುವುದಿಲ್ಲ. ಒಂದು ಪುಟಕ್ಕೆ ಎರಡು ನಕ್ಷೆಗಳು ಸಾಕು. ಅಳತೆ ಬರೆದಿಟ್ಟ ಮೂಲ ಪುಸ್ತಕವನ್ನು ಜೊತೆಗೆ ಕೊಂಡೊಯ್ಯಿರಿ. ಯಾರಾದರೂ ಪ್ರಶ್ನಿಸಿದಾಗ ನಕ್ಷೆಗೆ ಅದೇ ಆಧಾರ.