ಕಿಲಿಮಂಜಾರೋ: ಹಗ್ಗ ಬೇಡ, ಆದ್ರೆ ದಿನ ಬೇಕು

ಕುಮಾರ ಪರ್ವತ ಹತ್ತಿ ಇಳಿದು ಬಂದ ಮೇಲೆ ಹಾಸ್ಟೆಲ್‌ನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: "ನೆಕ್ಸ್ಟ್ ಯಾವ್ದು?" ಕಾಲು ನೋವು ಇನ್ನೂ ಹೋಗಿರಲ್ಲ, ಅಷ್ಟರಲ್ಲಿ ಯಾರೋ ಒಬ್ಬರು "ಕೆಲಸ ಸಿಕ್ಕ ಮೇಲೆ ಕಿಲಿಮಂಜಾರೋ" ಅಂದುಬಿಡ್ತಾರೆ. ನಾವೂ ಹಾಗೇ ಅಂದವರು. ಹೋದ ವರ್ಷ ನಮ್ಮ ಕ್ಲಬ್‌ನ ಸೀನಿಯರ್ ಅಕ್ಕ ಒಬ್ಬರು ನಿಜವಾಗ್ಲೂ ಹೋಗಿ ಬಂದ್ರು. ಆದರೆ ತುದಿ ಮುಟ್ಟಲಿಲ್ಲ. ಕಾಲೇಜಿನಲ್ಲಿದ್ದಾಗ ನಮ್ಮೆಲ್ಲರಿಗಿಂತ ಮುಂದೆ ಓಡ್ತಿದ್ದವರು ಅವರು. ಹಾಗಿದ್ರೆ ಎಲ್ಲಿ ಎಡವಿದ್ರು? ಇದನ್ನ ಅರ್ಥ ಮಾಡ್ಕೊಳ್ಳೋಕೆ ಕೂತಾಗ ನಮ್ಮದೇ ಫಿಸಿಕ್ಸ್, ಕಂಟ್ರೋಲ್ ಸಿಸ್ಟಮ್ಸ್ ಪಾಠಗಳು ನೆನಪಾದವು. ಬನ್ನಿ, ಒಟ್ಟಿಗೆ ನೋಡೋಣ.

ಇಷ್ಟೊಂದು ಜನ ಯಾಕೆ ಹೋಗ್ತಾರೆ?

ಕಿಲಿಮಂಜಾರೋ ಇರೋದು ಟಾಂಜಾನಿಯಾದಲ್ಲಿ, ಸಮಭಾಜಕ ವೃತ್ತದಿಂದ ಸುಮಾರು ಮೂರು ಡಿಗ್ರಿ ದಕ್ಷಿಣಕ್ಕೆ. ಶಿರಾ, ಮಾವೆಂಜಿ, ಕೀಬೋ ಅನ್ನೋ ಮೂರು ಜ್ವಾಲಾಮುಖಿ ಶಿಖರಗಳು ಸೇರಿ ಆದ ಪರ್ವತ ಇದು. ಕೀಬೋದ ಮೇಲಿರುವ ಉಹುರು ಶಿಖರದ ಎತ್ತರ 5,895 ಮೀಟರ್. ಇಡೀ ಆಫ್ರಿಕಾದಲ್ಲೇ ಅತಿ ಎತ್ತರದ ಜಾಗ. ಸ್ವಾಹಿಲಿಯಲ್ಲಿ 'ಉಹುರು' ಅಂದ್ರೆ ಸ್ವಾತಂತ್ರ್ಯ. 1889ರಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್ ಮೊದಲು ತುದಿ ತಲುಪಿದ್ರು. ಈಗ ಪ್ರತಿ ವರ್ಷ ಹತ್ತಾರು ಸಾವಿರ ಜನ ಹತ್ತೋಕೆ ಹೋಗ್ತಾರೆ.

ಮುಖ್ಯ ಕಾರಣ ಸರಳ. ಸಾಮಾನ್ಯ ದಾರಿಗಳಲ್ಲಿ ಹಗ್ಗ ಬೇಡ, ಬಂಡೆ ಹತ್ತುವ ತರಬೇತಿ ಬೇಡ. ನಡೆಯೋಕೆ ಬಂದ್ರೆ ಸಾಕು. ಒಂದು ಖಂಡದ ನೆತ್ತಿಯ ಮೇಲೆ ನಡ್ಕೊಂಡೇ ಹೋಗಿ ನಿಲ್ಲಬಹುದು. ದಾರಿಯೂ ಬೇಜಾರಾಗಲ್ಲ: ಕೆಳಗೆ ಹೊಲ ತೋಟ, ಆಮೇಲೆ ಮಳೆಕಾಡು, ಕುರುಚಲು ಗಿಡ, ಕಲ್ಲು ಮರಳಿನ ಬಯಲು, ಕೊನೆಗೆ ಹಿಮ. ಆ ಹಿಮವೂ ಕರಗ್ತಾ ಇದೆ. 1912ರಿಂದ ಈಚೆಗೆ ಶೇ 80ಕ್ಕಿಂತ ಹೆಚ್ಚು ಹೋಗಿಬಿಟ್ಟಿದೆ. "ಇರುವಾಗಲೇ ನೋಡ್ಬೇಕು" ಅಂತ ಹೋಗುವವರೂ ಇದ್ದಾರೆ.

ಇನ್ನೊಂದು ಕಾರಣವನ್ನ ನಾವು ಫೋಟೋಗಳಲ್ಲಿ ನೋಡಲ್ಲ. ಒಬ್ಬ ಚಾರಣಿಗನ ಟೆಂಟು, ಅಡುಗೆ ಸಾಮಾನು, ನೀರು ಹೊರೋಕೆ ಸಾಮಾನ್ಯವಾಗಿ ಮೂರ್ನಾಲ್ಕು ಜನ ಬೇಕು. ಒಬ್ಬ ಕೂಲಿ 20 ಕೆಜಿಗಿಂತ ಹೆಚ್ಚು ಹೊರಬಾರದು ಅಂತ ನಿಯಮ ಇದೆ. ನಮಗೆ ಸುಲಭವಾಗಿ ಕಾಣೋ ಬೆಟ್ಟ ಅವರ ಬೆನ್ನಿನ ಮೇಲೆ ನಿಂತಿದೆ.

ಒಂದು ಸಣ್ಣ ಲೆಕ್ಕ

ಹಾಗಾದ್ರೆ ಕಷ್ಟ ಎಲ್ಲಿದೆ? ಗಾಳಿಯಲ್ಲಿ. ಎಷ್ಟು ಎತ್ತರಕ್ಕೆ ಹೋದ್ರೂ ಗಾಳಿಯಲ್ಲಿ ಆಕ್ಸಿಜನ್ ಪಾಲು ಶೇ 21 ಇದ್ದೇ ಇರುತ್ತೆ. ಕಡಿಮೆ ಆಗೋದು ಒತ್ತಡ. ಎತ್ತರ ಹೆಚ್ಚಿದ ಹಾಗೆ ಒತ್ತಡ ಎಕ್ಸ್‌ಪೊನೆನ್ಶಿಯಲ್ ಆಗಿ ಇಳಿಯುತ್ತೆ, ಸ್ಕೇಲ್ ಹೈಟ್ ಸುಮಾರು 8 ಕಿ.ಮೀ. 5.9 ಅನ್ನು 8ರಿಂದ ಭಾಗಿಸಿ, ಮೈನಸ್ ಹಾಕಿ, ಕ್ಯಾಲ್ಕುಲೇಟರ್‌ನಲ್ಲಿ ಎಕ್ಸ್‌ಪೊನೆನ್ಶಿಯಲ್ ಒತ್ತಿ ನೋಡಿ: ಸುಮಾರು 0.48 ಬರುತ್ತೆ. ಸಮುದ್ರ ಮಟ್ಟದಲ್ಲಿ 760 ಮಿ.ಮೀ. ಪಾದರಸದಷ್ಟು ಒತ್ತಡ ಇದ್ರೆ, ತುದಿಯಲ್ಲಿ ಸುಮಾರು 365.

ಇಲ್ಲಿಗೇ ನಿಲ್ಲಿಸಬೇಡಿ. ನಾವು ಎಳೆದ ಗಾಳಿ ಶ್ವಾಸಕೋಶ ಸೇರೋ ಮುಂಚೆ ಒದ್ದೆಯಾಗುತ್ತೆ. ದೇಹದ ಶಾಖದಲ್ಲಿ ನೀರಾವಿಯ ಒತ್ತಡ 47 ಮಿ.ಮೀ. ಬೆಟ್ಟ ಹತ್ತಿದ್ರೂ ಇದು ಬದಲಾಗಲ್ಲ. ಹಾಗಾಗಿ ಮೊದಲು 47 ಕಳೆದು, ಆಮೇಲೆ ಶೇ 21 ತಗೋಬೇಕು. ಕೆಳಗೆ ಸುಮಾರು 150 ಬರುತ್ತೆ, ತುದಿಯಲ್ಲಿ ಸುಮಾರು 67. ಅಂದ್ರೆ ಅರ್ಧವೂ ಇಲ್ಲ.

ದೇಹ ಒಂದು ನಿಧಾನದ ಸಿಸ್ಟಮ್

ಆಕ್ಸಿಜನ್ ಕಡಿಮೆ ಆದಾಗ ದೇಹ ಉಸಿರಾಟ ಹೆಚ್ಚಿಸುತ್ತೆ. ಹೆಚ್ಚು ಉಸಿರಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತ ಕ್ಷಾರೀಯ ಆಗುತ್ತೆ. ಆಗ ಮೆದುಳು "ಸಾಕು, ನಿಧಾನ" ಅಂತ ಬ್ರೇಕ್ ಹಾಕುತ್ತೆ. ಈ ಬ್ರೇಕ್ ಬಿಡಿಸೋದು ಮೂತ್ರಪಿಂಡ. ಅದು ಬೈಕಾರ್ಬೊನೇಟನ್ನು ಹೊರಹಾಕಿ ರಕ್ತವನ್ನ ಮತ್ತೆ ಹದಕ್ಕೆ ತರುತ್ತೆ. ಆದರೆ ಈ ಕೆಲಸಕ್ಕೆ ಗಂಟೆಗಳು ಸಾಲಲ್ಲ, ದಿನಗಳು ಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇದು ಡಿಲೇ ಇರುವ ಫೀಡ್‌ಬ್ಯಾಕ್ ಲೂಪ್. ಇನ್‌ಪುಟ್ ಬೇಗ ಬೇಗ ಬದಲಾಯಿಸಿದ್ರೆ ಸಿಸ್ಟಮ್ ಹಿಂದೆ ಬೀಳುತ್ತೆ. ದಿನಾ ಹತ್ತು ಕಿಲೋಮೀಟರ್ ಓಡಿದ್ರೂ ಈ ಡಿಲೇ ಕಡಿಮೆ ಆಗಲ್ಲ. ಫಿಟ್ ಇರೋರು ಬೇಗ ಹತ್ತಿಬಿಡ್ತಾರೆ, ಹಾಗಾಗಿ ಅವರಿಗೇ ಅಪಾಯ ಜಾಸ್ತಿ ಆಗೋದೂ ಉಂಟು.

ಅದಕ್ಕೇ ಒಂದು ಸಾಮಾನ್ಯ ಸಲಹೆ: 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ತಗೊಳ್ಳಿ. ಈಗ ಮರಾಂಗು ದಾರಿಯ ಐದು ದಿನದ ಪ್ಯಾಕೇಜ್ ನೋಡಿ. ಮೊದಲ ರಾತ್ರಿ ಸುಮಾರು 2,700 ಮೀಟರ್, ಎರಡನೇ ರಾತ್ರಿ 3,700, ಮೂರನೇ ರಾತ್ರಿ 4,700. ಸಲಹೆಯ ಎರಡರಷ್ಟು! ಅದೇ ಮಧ್ಯರಾತ್ರಿ ಎದ್ದು ಇನ್ನೂ ಸುಮಾರು 1,200 ಮೀಟರ್ ಹತ್ತಬೇಕು. ಮಚಾಮೆ, ಲೆಮೋಶೋ ದಾರಿಗಳಲ್ಲಿ ಹಗಲು 4,600 ಮೀಟರ್‌ನ ಲಾವಾ ಟವರ್‌ವರೆಗೆ ಹತ್ತಿಸಿ, ರಾತ್ರಿ ಸುಮಾರು 3,900ಕ್ಕೆ ಇಳಿಸಿ ಮಲಗಿಸ್ತಾರೆ. ಲೆಮೋಶೋಗೆ ಏಳೆಂಟು ದಿನ ಬೇಕು. ದೇಹಕ್ಕೆ ಬೇಕಾದ ಟೈಮ್ ಅಲ್ಲಿ ಸಿಗುತ್ತೆ.

ಗೊತ್ತಿದ್ದೂ ಜನ ಐದು ದಿನದ್ದೇ ಯಾಕೆ ಆರಿಸ್ತಾರೆ? ಪಾರ್ಕ್ ಶುಲ್ಕ ದಿನದ ಲೆಕ್ಕದಲ್ಲಿದೆ. ಒಂದು ದಿನ ಹೆಚ್ಚಾದ್ರೆ ಶುಲ್ಕ, ಊಟ, ಕೂಲಿ ಎಲ್ಲಾ ಹೆಚ್ಚು. ಹಾಗಾಗಿ ಅಗ್ಗದ ಪ್ಯಾಕೇಜ್ ಅಂದ್ರೆ ಸಾಮಾನ್ಯವಾಗಿ ಕಡಿಮೆ ದಿನದ ಪ್ಯಾಕೇಜ್. ನಾವು ಉಳಿಸೋ ದುಡ್ಡು ನಮ್ಮ ಮೂತ್ರಪಿಂಡದ ಟೈಮ್‌ನಿಂದ ಕಿತ್ತುಕೊಂಡದ್ದು.

ಅಕ್ಕನಿಗೆ ಆಗಿದ್ದೇನು?

ಅಕ್ಕ ಹೋಗಿದ್ದು ಆ ಐದು ದಿನದ ಪ್ಯಾಕೇಜ್‌ನಲ್ಲೇ. ಎರಡನೇ ರಾತ್ರಿಯೇ ತಲೆನೋವು ಶುರುವಾಗಿತ್ತು, ಆದರೆ ಆಫೀಸಿನ ಗೆಳೆಯರ ಮುಂದೆ ಹೇಳಲಿಲ್ಲ. ಮೂರನೇ ದಿನ ಊಟ ಸೇರಲಿಲ್ಲ, ವಾಂತಿ ಆಯ್ತು. ಮಧ್ಯರಾತ್ರಿ ಹೊರಡುವಾಗ ಗೈಡ್ ಅವರನ್ನ ನೆಲದ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನೇರ ನಡೆಯೋಕೆ ಹೇಳಿದ್ರು. ಮೂರನೇ ಹೆಜ್ಜೆಗೆ ವಾಲಿದ್ರು. ಮೆದುಳು ಊದಿಕೊಳ್ತಿದ್ರೆ ಹೀಗೆ ನಡಿಗೆ ತಪ್ಪುತ್ತೆ. ಗೈಡ್ ಬೆಳಗಾಗೋವರೆಗೂ ಕಾಯಲಿಲ್ಲ, ಆಗಲೇ ಕೆಳಗೆ ಇಳಿಸಿದ್ರು. ಇಳಿಯೋದೇ ಇದಕ್ಕೆ ಮೊದಲ ಚಿಕಿತ್ಸೆ. ಸುಮ್ಮನೆ ಕೂತಾಗಲೂ ಏದುಸಿರು ಬಂದ್ರೂ ಅಷ್ಟೇ, ತಕ್ಷಣ ಇಳೀಬೇಕು.

"ತುದಿ ಮುಟ್ಟದೇ ಬಂದಿದ್ದಕ್ಕೆ ನಾಚಿಕೆ ಆಗ್ಲಿಲ್ಲ, ತಲೆನೋವು ಮುಚ್ಚಿಟ್ಟಿದ್ದಕ್ಕೆ ಆಗುತ್ತೆ" ಅಂದ್ರು ಅಕ್ಕ.

ನೀವು ಹೋಗೋದಾದ್ರೆ

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು 2,500 ದಾಟಿದ ಮೇಲೆ. ಹಾಗಾಗಿ ಇಲ್ಲಿನ ಬೆಟ್ಟಗಳು ಕಾಲಿನ ಪರೀಕ್ಷೆ ಮಾಡುತ್ತವೆ, ಆ ಎತ್ತರದ ಪರೀಕ್ಷೆ ಮಾಡಲ್ಲ. ಬುಕ್ ಮಾಡೋ ಮುಂಚೆ ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗ್ತೀವಿ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಹೊರೆ ಹೊರುವವರಿಗೆ ಸರಿಯಾದ ಕೂಲಿ, ಊಟ, ಬೆಚ್ಚನೆ ಬಟ್ಟೆ ಇದೆಯಾ ಕೇಳಿ. ಮಾತ್ರೆ ಬೇಕಾ ಬೇಡ್ವಾ ಅನ್ನೋದನ್ನ ಡಾಕ್ಟರ್ ಹತ್ರ ಕೇಳಿ, ಗೆಳೆಯರ ಹತ್ರ ಅಲ್ಲ. ತಲೆನೋವು ಬಂದ್ರೆ ಅವತ್ತೇ ಬಾಯಿಬಿಟ್ಟು ಹೇಳಿ.

ಅಲ್ಲಿನ ಗೈಡ್‌ಗಳು ದಾರಿಯುದ್ದಕ್ಕೂ ಹೇಳೋ ಮಾತು 'ಪೋಲೆ ಪೋಲೆ', ಅಂದ್ರೆ ನಿಧಾನ ನಿಧಾನ. ಅಕ್ಕ ಮತ್ತೆ ದುಡ್ಡು ಕೂಡಿಸ್ತಾ ಇದ್ದಾರೆ, ಈ ಸಲ ಎಂಟು ದಿನದ ಲೆಮೋಶೋಗೆ. ನಮ್ಮ ನಾಲ್ಕು ಜನರ ಪ್ಲ್ಯಾನ್‌ನಲ್ಲೂ ಐದು ದಿನದ ಪ್ಯಾಕೇಜ್ ಹೊಡೆದು ಹಾಕಿದೀವಿ. ಕೆಲಸ ಸಿಕ್ಕಿ ಎರಡು ವರ್ಷ ತಡ ಆದ್ರೂ ಪರವಾಗಿಲ್ಲ.