ಮಗುವಿನ ಹುಬ್ಬಿನ ಮೇಲಿನ ಗಂಟು

ಗಾಜಿಪುರದ ನನ್ನ ದವಾಖಾನೆಗೆ ಕಮಲಾಪುರದ ಕಡೆಯ ತಾಯಿಯೊಬ್ಬರು ಎರಡು ವರ್ಷದ ಮಗನನ್ನು ಕರೆತಂದಿದ್ದರು. ಬಲ ಹುಬ್ಬಿನ ಹೊರತುದಿಯಲ್ಲಿ ಒಂದು ಗಂಟು. ‘ಹುಟ್ಟಿದಾಗ ತೊಗರಿ ಕಾಳಿನಷ್ಟಿತ್ತು ಸಾಹೇಬ್ರ, ಈಗ ಬಾರಿಹಣ್ಣಿನಷ್ಟು ಆಗ್ಯಾದ. ಮುಟ್ಟಿದ್ರೂ ಅಳಲ್ಲ’ ಎಂದರು. ಸೂಜಿ ಚುಚ್ಚಿ ಕೀವು ತೆಗೆದರೆ ಸಾಕು ಎಂಬುದು ಜೊತೆಗಿದ್ದ ಅಜ್ಜಿಯ ಅಭಿಪ್ರಾಯ.

ಅದರೊಳಗೆ ಕೀವು ಇರಲಿಲ್ಲ. ಇದು ಡರ್ಮಾಯ್ಡ್ ಗಂಟು. ಗರ್ಭದಲ್ಲಿ ಮುಖ ರೂಪುಗೊಳ್ಳುವಾಗ ಬೇರೆ ಬೇರೆ ಭಾಗಗಳು ಬೆಳೆದು ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂಡುವ ಜಾಗದಲ್ಲಿ ಚರ್ಮದ ಚೂರೊಂದು ಒಳಗೆ ಸಿಕ್ಕಿಕೊಂಡರೆ, ಅಲ್ಲಿಯೂ ಅದು ಚರ್ಮದ ಕೆಲಸವನ್ನೇ ಮಾಡುತ್ತದೆ: ಜಿಡ್ಡು ಸ್ರವಿಸುತ್ತದೆ, ಹೊಟ್ಟು ಉದುರಿಸುತ್ತದೆ, ಕೂದಲನ್ನೂ ಬೆಳೆಸುತ್ತದೆ. ಹೊರಬರಲು ದಾರಿಯಿಲ್ಲದೆ ಇವೆಲ್ಲ ಚೀಲದಂತೆ ತುಂಬಿಕೊಂಡು ನಿಧಾನವಾಗಿ ದೊಡ್ಡದಾಗುತ್ತವೆ. ತಾಯಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳಲ್ಲಿ ಇದು ಕ್ಯಾನ್ಸರ್ ಗಂಟೂ ಅಲ್ಲ.

ಹುಬ್ಬಿನ ತುದಿಯೇ ಇದರ ಸಾಮಾನ್ಯ ಜಾಗ. ಮೇಲಿನ ಚರ್ಮ ಸಡಿಲವಾಗಿ ಸರಿಯುತ್ತದೆ, ಗಂಟು ಮಾತ್ರ ಎಲುಬಿಗೆ ಅಂಟಿಕೊಂಡಂತಿರುತ್ತದೆ. ನಾನು ಹೆಚ್ಚು ಹೆದರುವುದು ಮೂಗಿನ ಮೇಲೆ, ಹಣೆಯ ನಡುವೆ ಅಥವಾ ತಲೆಯ ಹಿಂಭಾಗದ ನಡುವೆ ಬರುವ ಗಂಟಿಗೆ. ಅಲ್ಲಿ ಸಣ್ಣ ರಂಧ್ರವಿದ್ದು ಅದರಿಂದ ಒಂದು ಕೂದಲು ಹೊರಬಂದಿದ್ದರಂತೂ ತಡಮಾಡಬಾರದು. ಅಂಥ ಗಂಟಿನ ಬೇರು ತಲೆಬುರುಡೆಯೊಳಗೆ ಹೋಗಿರಬಹುದು. ಚುಚ್ಚಿದರೆ, ಹಿಚುಕಿದರೆ ಸೋಂಕು ಮಿದುಳಿನ ಪೊರೆಯವರೆಗೂ ತಲುಪೀತು. ಆದ್ದರಿಂದ ಮೊದಲು ಎಂ.ಆರ್.ಐ. ಅಥವಾ ಸಿ.ಟಿ. ಸ್ಕ್ಯಾನ್, ಆಮೇಲೆ ಕತ್ತರಿ.

ಮಾತ್ರೆ, ಮುಲಾಮಿನಿಂದ ಇದು ಕರಗುವುದಿಲ್ಲ. ಸುಣ್ಣ ಹಚ್ಚುವುದು, ಬರೆ ಹಾಕುವುದು ಮುಖಕ್ಕೆ ಕಲೆ ಮಾಡುತ್ತದೆ, ಅಷ್ಟೇ. ಶಸ್ತ್ರಚಿಕಿತ್ಸೆಯೇ ಉಪಾಯ. ಚೀಲ ಒಡೆಯದಂತೆ ಪೂರ್ತಿ ಬಿಡಿಸಿ ತೆಗೆಯಬೇಕು. ಚೂರು ಉಳಿದರೆ ಮತ್ತೆ ಬೆಳೆಯುತ್ತದೆ. ಮಗು ಅಲುಗಾಡಬಾರದೆಂದು ಪೂರ್ಣ ಅರಿವಳಿಕೆ ಕೊಡುತ್ತಾರೆ. ಹುಬ್ಬಿನ ಗಂಟಾದರೆ ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. ತುರ್ತೇನೂ ಇಲ್ಲ, ಆದರೆ ಶಾಲೆಗೆ ಸೇರುವತನಕ ಕಾಯುವುದರಲ್ಲೂ ಅರ್ಥವಿಲ್ಲ: ಆಟದಲ್ಲಿ ಪೆಟ್ಟು ಬಿದ್ದು ಗಂಟು ಒಳಗೇ ಒಡೆದರೆ ಸುತ್ತ ಊತವೆದ್ದು ಬಿಡಿಸುವುದು ಕಷ್ಟವಾಗುತ್ತದೆ. ಕಲಬುರಗಿಯವರು ಜಿಮ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮೊದಲು ತೋರಿಸಬಹುದು.

ಆ ಮಗುವಿಗೆ ಆರನೇ ದಿನ ಹೊಲಿಗೆ ಬಿಚ್ಚಿದೆವು. ಗಾಯದ ಗೆರೆ ಹುಬ್ಬಿನ ಕೂದಲಲ್ಲೇ ಅಡಗಿತ್ತು. ತೆಗೆದ ಗಂಟಿನೊಳಗೆ ಬೆಣ್ಣೆಯಂಥ ಜಿಡ್ಡು ಮತ್ತು ನಾಲ್ಕಾರು ಕೂದಲು ಇದ್ದವೆಂದು ಹೇಳಿದಾಗ ಅಜ್ಜಿ ನಂಬಲೇ ಇಲ್ಲ.